ಇಸವಿ ತಿದ್ದಿದರೆ ಸಾಕೇ?

ಪ್ರಶ್ನೆ: ನಮ್ಮ ಡ್ರಾಯಿಂಗ್‌ಗಳೆಲ್ಲ ಎಎಸ್‌ಎಂಇ ವೈ 14.5 (ಯಂತ್ರಭಾಗದ ಅಳತೆ, ಆಕಾರ ಎಷ್ಟು ಹೆಚ್ಚುಕಡಿಮೆ ಆಗಬಹುದೆಂದು ಡ್ರಾಯಿಂಗ್‌ನಲ್ಲಿ ಬರೆಯುವ ಅಮೆರಿಕದ ಮಾನದಂಡ) ಇದರ 2009ರ ಆವೃತ್ತಿಯಲ್ಲಿವೆ. 2018ರ ಆವೃತ್ತಿಗೆ ಬದಲಾಯಿಸಲು ಹೇಳಿದ್ದಾರೆ. ಟೈಟಲ್ ಬ್ಲಾಕ್‌ನಲ್ಲಿ (ಹಾಳೆಯ ವಿವರಪಟ್ಟಿಯಲ್ಲಿ) ಇಸವಿ ತಿದ್ದಿದರೆ ಸಾಲದೇ ಸರ್?

ಉತ್ತರ: ಸಾಲದು, ದಯವಿಟ್ಟು ಹಾಗೆ ಮಾಡಬೇಡಿ. ಹಾಳೆಯ ಮೇಲಿರುವ ಪ್ರತಿ ಚಿಹ್ನೆಯ ಅರ್ಥ ಆ ಇಸವಿಗೆ ಕಟ್ಟುಬಿದ್ದಿರುತ್ತದೆ. 2018ರಲ್ಲಿ ಕಾನ್ಸೆಂಟ್ರಿಸಿಟಿ (ಏಕಕೇಂದ್ರತೆ), ಸಿಮೆಟ್ರಿ (ಸಮಮಿತಿ) ಎಂಬ ಎರಡು ಚಿಹ್ನೆಗಳನ್ನೂ ಕೈಬಿಟ್ಟಿದ್ದಾರೆ. ಇಸವಿ ಮಾತ್ರ ತಿದ್ದಿದರೆ, ಆ ಆವೃತ್ತಿಯಲ್ಲಿ ಇಲ್ಲದ ಚಿಹ್ನೆ ನಿಮ್ಮ ಡ್ರಾಯಿಂಗ್‌ನಲ್ಲಿ ಉಳಿದುಬಿಡುತ್ತದೆ.

ನಾನೂ ಒಮ್ಮೆ ಎಡವಿದ್ದೇನೆ. ಒಂದು ಶಾಫ್ಟ್‌ನಲ್ಲಿ ಕಾನ್ಸೆಂಟ್ರಿಸಿಟಿ 0.05 ಮಿ.ಮೀ. ಇತ್ತು. ಅದೇ ಅಂಕಿ ಇಟ್ಟುಕೊಂಡು ರನೌಟ್ (ಶಾಫ್ಟ್ ತಿರುಗಿದಾಗ ಮೇಲ್ಮೈ ಎಷ್ಟು ಏರಿಳಿಯಬಹುದೆಂಬ ಮಿತಿ) ಬರೆದೆ. ಅಲ್ಲಿಯವರೆಗೆ ಪಾಸಾಗುತ್ತಿದ್ದ ಶಾಫ್ಟ್‌ಗಳು ತಪಾಸಣೆಯಲ್ಲಿ ವಾಪಸ್ ಬರತೊಡಗಿದವು. ಕಾರಣ ಇಷ್ಟೇ: ಕಾನ್ಸೆಂಟ್ರಿಸಿಟಿ ನೋಡುವುದು ಎದುರುಬದುರು ಬಿಂದುಗಳ ಮಧ್ಯಬಿಂದುವನ್ನು. ಶಾಫ್ಟ್ ಸ್ವಲ್ಪ ಮೊಟ್ಟೆಯಾಕಾರವಾಗಿದ್ದರೂ ಮಧ್ಯಬಿಂದು ಅಕ್ಷದ ಮೇಲೆಯೇ ಕೂರಬಹುದು. ರನೌಟ್‌ನಲ್ಲಿ ಡಯಲ್ ಇಂಡಿಕೇಟರ್ (ಏರಿಳಿತ ತೋರಿಸುವ ಮುಳ್ಳಿನ ಮಾಪಕ) ಮುಟ್ಟುವುದು ಮೇಲ್ಮೈಯನ್ನು, ಅಂಡಾಕಾರವೂ ಅದಕ್ಕೆ ಸಿಕ್ಕಿಬೀಳುತ್ತದೆ.

ಹಾಗಾಗಿ ಆ ಭಾಗ ಏನು ಕೆಲಸ ಮಾಡುತ್ತದೆಂದು ಮೊದಲು ಕೇಳಿ. ಬೇರಿಂಗ್ ಕೂರುವ ಜಾಗವಾದರೆ ಸಾಮಾನ್ಯವಾಗಿ ರನೌಟ್ ಸರಿ. ಅಕ್ಷ ಹೊಂದಿದರೆ ಸಾಕು ಎಂದಾದರೆ ಪೊಸಿಷನ್ (ಅಕ್ಷ ಇರಬೇಕಾದ ಜಾಗದಿಂದ ಎಷ್ಟು ಸರಿಯಬಹುದೆಂಬ ಮಿತಿ) ಸರಿ. ಅಂಕಿಯನ್ನೂ ಹೊಸದಾಗಿ ಯೋಚಿಸಿ.

ಬದಲಾವಣೆ ಬೇಡದ ಹಳೆಯ ಡ್ರಾಯಿಂಗ್‌ಗಳನ್ನು 2009ರಲ್ಲೇ ಬಿಡಿ, ಅದು ತಪ್ಪಲ್ಲ. ಬೇರೆ ಕಾರಣಕ್ಕೆ ರಿವಿಷನ್ ಬಂದಾಗ ಒಂದೊಂದನ್ನೇ ತೆಗೆದುಕೊಳ್ಳಿ. ತಪಾಸಣೆ ಮಾಡುವವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.