ಸಿ.ಒ. ಇರಲಿ, ಮೊದಲು ಆ ಹುಡುಗಿ

ನೀವು ಸೇನೆಯಲ್ಲಿ ಕ್ಯಾಪ್ಟನ್, ವಯಸ್ಸು 28, ಸಲಿಂಗಿ. ಮುಚ್ಚಿಟ್ಟು ಸಾಕಾಗಿದೆ, ಕಮಾಂಡಿಂಗ್ ಆಫೀಸರ್‌ಗೆ (ಸಿ.ಒ.) ಬರೆದುಕೊಟ್ಟು ಹಗುರಾಗಬೇಕು ಅಂತೀರಿ. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ದಂಡಸಂಹಿತೆಯ ಸೆಕ್ಷನ್ 377 ಹೋಯಿತಲ್ಲ, ಇನ್ನೇನು ಭಯ ಅಂತಲೂ ಕೇಳಿದ್ದೀರಿ. ಪತ್ರದ ಎರಡು ಪುಟ ಮುಗಿದು ಸಹಿಯೂ ಆದಮೇಲೆ ಒಂದು ಸಾಲು: ‘ಅಂದಹಾಗೆ, ಮುಂದಿನ ತಿಂಗಳು ರಜೆಯಲ್ಲಿ ನಿಶ್ಚಿತಾರ್ಥ.’

ಅಂದಹಾಗೆ!

ಅದಕ್ಕೆ ಆಮೇಲೆ ಬರುತ್ತೇನೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಒಪ್ಪಿತ ಸಂಬಂಧವನ್ನು 377ರಿಂದ ಬಿಡಿಸಿದ್ದು ನಿಜ. ಆದರೆ ನಿಮ್ಮ ತಲೆಯ ಮೇಲೆ 1950ರ ಸೇನಾ ಕಾಯ್ದೆಯೂ ಇದೆ. ಅದರ ಸೆಕ್ಷನ್ 46ರಲ್ಲಿ ‘ಅಸ್ವಾಭಾವಿಕ’ ನಡತೆ ಎಂಬ ಮಾತು ಹಾಗೇ ಕೂತಿದೆ, ಶಿಕ್ಷೆ 7 ವರ್ಷದವರೆಗೆ. ಅಧಿಕಾರಿಗೆ ತಕ್ಕುದಲ್ಲದ ನಡತೆ ಎಂದರೆ 45. ಅದೂ ಹೊಂದದಿದ್ದರೆ ಶಿಸ್ತುಭಂಗದ 63. ಸೈನಿಕರ ಮೂಲಭೂತ ಹಕ್ಕು ಮೊಟಕು ಮಾಡಲು ಸಂವಿಧಾನದ 33ನೇ ವಿಧಿಯೇ ಸಂಸತ್ತಿಗೆ ಅಧಿಕಾರ ಕೊಟ್ಟಿದೆ. ಸೇನೆಯಲ್ಲಿ ಸಲಿಂಗ ಸಂಬಂಧಕ್ಕೆ ಜಾಗವಿಲ್ಲ ಎಂದು ಆಗಿನ ಮುಖ್ಯಸ್ಥ ಬಿಪಿನ್ ರಾವತ್ 2019ರ ಜನವರಿಯಲ್ಲೇ ಹೇಳಿದ್ದರು. ಬ್ರಿಟನ್ 2000ದಲ್ಲಿ, ಅಮೆರಿಕ 2011ರಲ್ಲಿ ನಿರ್ಬಂಧ ತೆಗೆದವು, ಆಕಾಶವೇನೂ ಕಳಚಿ ಬೀಳಲಿಲ್ಲ. ನಮ್ಮಲ್ಲೂ ತೆಗೆಯಲೇಬೇಕು. ಆದರೆ ಆ ವಾದಕ್ಕೆ ನಿಮ್ಮ ನೌಕರಿಯನ್ನು ಒತ್ತೆಯಿಡಿ ಎನ್ನಲಾರೆ.

ಕಾಯ್ದೆ ಹಿಡಿಯುವುದು ನಡತೆಯನ್ನು, ಮನಸ್ಸನ್ನಲ್ಲ. ಆದರೆ ನೀವು ಬರೆದುಕೊಟ್ಟರೆ ‘ಯಾರ ಜೊತೆ, ಎಲ್ಲಿ’ ಎಂಬ ವಿಚಾರಣೆಗೆ ಅದೇ ಮೊದಲ ಹಾಳೆಯಾಗಬಹುದು. ವಿಚಾರಣೆ ಕೂತೇಬಿಟ್ಟರೆ ಆರ್ಮಿ ರೂಲ್ 180 ನೆನಪಿಡಿ: ಉದ್ದಕ್ಕೂ ಹಾಜರಿರುವ, ಸಾಕ್ಷಿಗಳನ್ನು ಪಾಟಿಸವಾಲು ಮಾಡುವ ಹಕ್ಕು ನಿಮ್ಮದು. ಫೋನಿನಲ್ಲಿ ಡೇಟಿಂಗ್ ಆ್ಯಪ್ ಇದ್ದರೆ ಇವತ್ತೇ ತೆಗೆಯಿರಿ. 2020ರಲ್ಲಿ ಸೇನೆ ಅಳಿಸಲು ಹೇಳಿದ 89 ಆ್ಯಪ್‌ಗಳಲ್ಲಿ ಅಂಥವೂ ಇದ್ದವು. ಇಟ್ಟುಕೊಂಡರೆ ಅದು ಬೇರೆಯದೇ ತಪ್ಪಾಗುತ್ತದೆ.

ಇನ್ನು ಆ ಸಾಲು. ‘ಮದುವೆಯಾದರೆ ಎಲ್ಲ ಸರಿಹೋಗುತ್ತೆ’ ಎಂದ ನಿಮ್ಮ ಸೋದರಮಾವನಿಗೆ ವಿಷಯ ಗೊತ್ತಿತ್ತು ಅಂತೀರಿ. ಗೊತ್ತಿದ್ದೂ ಹೆಣ್ಣು ನೋಡಿದರಲ್ಲ, ನನ್ನ ಸಿಟ್ಟೆಲ್ಲ ಅವರ ಮೇಲೆ. ಮದುವೆ ಔಷಧಿಯಲ್ಲ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ಕಡಿಮೆಯೇ. ನಿಮ್ಮ ತಾಯಿಗೆ ಪಾಪ ಏನೂ ತಿಳಿಯದು. ನಾಳೆ ಸಂಸಾರ ಮುರಿದರೆ ಹೆಂಡತಿಯ ದೂರು ನೇರ ಯೂನಿಟ್‌ಗೆ ಬರುತ್ತದೆ, ಜೀವನಾಂಶ ಸಂಬಳದಲ್ಲೇ ಕಡಿತವಾಗಬಹುದು. ಮುಚ್ಚಿಟ್ಟದ್ದೂ ಆಗ ಸಿ.ಒ. ಮೇಜಿಗೇ ಬರುತ್ತದೆ, ಆಕೆಯ ಕಣ್ಣೀರಿನ ಜೊತೆಗೆ.

ಆದ್ದರಿಂದ ಒಂದೇ ಕೆಲಸ. ಸಿ.ಒ.ಗೆ ಈಗ ಒಂದಕ್ಷರವೂ ಬರೆಯಬೇಡಿ. ಈ ಭಾನುವಾರದೊಳಗೆ ಹುಡುಗಿಯ ತಂದೆಗೆ ನೀವೇ ಫೋನ್ ಮಾಡಿ. ಸೋದರಮಾವನ ಕೈಲಿ ಹೇಳಿಸಬೇಡಿ. ಹೇಳಬೇಕಾದ್ದು ಇಷ್ಟೇ: ‘ಮದುವೆ ನನಗೆ ಬೇಡ, ನಿಮ್ಮ ಮಗಳಲ್ಲಿ ಯಾವ ಕೊರತೆಯೂ ಇಲ್ಲ, ಯಾರು ಕೇಳಿದರೂ ನಾನೇ ಒಲ್ಲೆ ಎಂದೆನೆಂದು ಹೇಳಿ.’ ಕಾರಣ ಕೇಳಿದರೆ ಕೊಡಬೇಕಿಲ್ಲ. ಛತ್ರಕ್ಕೆ ಕೊಟ್ಟ ಮುಂಗಡ ಹೋದರೆ ನೀವೇ ತುಂಬಿಕೊಡಿ.