ಎರಡೂ ಮನೆಯಲ್ಲಿ ಯಾರೂ ಕುಳ್ಳಗಿಲ್ಲ, ಮಗುವಿಗೆ ಹೇಗೆ ಬಂತು?

ಪ್ರಶ್ನೆ: ಮಗನಿಗೆ ಐದು ತಿಂಗಳು. ತೋಳು, ತೊಡೆ ಗಿಡ್ಡ, ತಲೆ ಸ್ವಲ್ಪ ದೊಡ್ಡದು. ಪರೀಕ್ಷೆ ಮಾಡಿ ಅಕಾಂಡ್ರೋಪ್ಲೇಸಿಯಾ, ಅಂದರೆ ಎಲುಬು ಉದ್ದ ಬೆಳೆಯದೆ ಕುಳ್ಳಗಾಗುವ ಹುಟ್ಟುತೊಂದರೆ ಎಂದಿದ್ದಾರೆ. ನಮ್ಮ ಎರಡೂ ಮನೆಯಲ್ಲಿ ಯಾರೂ ಕುಳ್ಳಗಿಲ್ಲ. ಆದರೂ ತಾಯಿ ಕಡೆಯಿಂದಲೇ ಬಂದಿರಬೇಕು ಅನ್ನುತ್ತಾರೆ. ಗ್ರೋತ್ ಹಾರ್ಮೋನ್ ಕೊಟ್ಟರೆ ಎತ್ತರ ಬರುತ್ತದಾ?

ಉತ್ತರ: ಮೊದಲು ಆ ‘ತಾಯಿ ಕಡೆ’ ಮಾತು ನಿಲ್ಲಲಿ. ಇಂಥ 10 ಮಕ್ಕಳಲ್ಲಿ ಸುಮಾರು 8 ಮಕ್ಕಳ ಅಪ್ಪ ಅಮ್ಮ ಇಬ್ಬರೂ ಮಾಮೂಲಿ ಎತ್ತರದವರೇ. ಎಫ್‌ಜಿಎಫ್‌ಆರ್3 ಎಂಬ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಹೊಸದಾಗಿ ಬದಲಾಗಿರುತ್ತದೆ, ಅದೂ ಹೆಚ್ಚಾಗಿ ತಂದೆಯ ವೀರ್ಯಾಣುವಿನಲ್ಲಿ. (ಹಾಗಂತ ಈಗ ಅವರ ಮೇಲೆ ತಿರುಗಿ ಬೀಳಬೇಡಿ, ಇದು ಯಾರ ಕೈಯಲ್ಲೂ ಇಲ್ಲ.) ಬಸಿರಿನಲ್ಲಿ ತಿಂದದ್ದು, ಬಿಟ್ಟದ್ದು ಯಾವುದೂ ಕಾರಣವಲ್ಲ. ನಿಮ್ಮ ಮುಂದಿನ ಮಗುವಿಗೂ ಬರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಮುಂದೆ ಇವನಿಗೇ ಮಕ್ಕಳಾಗುವಾಗ ಮಾತ್ರ ಲೆಕ್ಕ ಬೇರೆ, ಹೆಂಡತಿಗೆ ಇದಿಲ್ಲದಿದ್ದರೂ ಪ್ರತಿ ಮಗುವಿಗೂ ಅರ್ಧಕ್ಕರ್ಧ.

ಈ ಜೀನ್ ಎಲುಬಿನ ಬೆಳವಣಿಗೆಗೆ ಬ್ರೇಕ್ ಇದ್ದ ಹಾಗೆ. ಇವನಲ್ಲಿ ಆ ಬ್ರೇಕ್ ಒತ್ತಿಕೊಂಡೇ ಇದೆ. ಹಾರ್ಮೋನ್ ಕೊರತೆಯೇ ಇಲ್ಲದ ಮೇಲೆ ಅದನ್ನು ಕೊಟ್ಟರೆ ಲಾಭ ಅಷ್ಟಕ್ಕಷ್ಟೇ. ಬ್ರೇಕ್ ಸಡಿಲಿಸುವ ವೊಸೊರಿಟೈಡ್ ಎಂಬ ಔಷಧಿಗೆ 2021ರಲ್ಲಿ ಯುರೋಪ್ ಮತ್ತು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ದಿನಾ ಇಂಜೆಕ್ಷನ್, ಅದೂ ಎಲುಬು ಬೆಳೆಯುವ ವಯಸ್ಸು ಮುಗಿಯುವವರೆಗೆ. ಪ್ರಯೋಗದಲ್ಲಿ ಮಕ್ಕಳು ವರ್ಷಕ್ಕೆ ಸುಮಾರು ಒಂದೂವರೆ ಸೆಂಟಿಮೀಟರ್ ಜಾಸ್ತಿ ಬೆಳೆದರು, ಪವಾಡವೇನಲ್ಲ.

ನನ್ನ ಕೇಳಿದರೆ ಈಗ ಎತ್ತರ ಪಕ್ಕಕ್ಕಿಡಿ, ಕುತ್ತಿಗೆ ನೋಡಿ. ಮಿದುಳಿನಿಂದ ಬೆನ್ನುಹುರಿ ಇಳಿಯುವ ತೂತು ಈ ಮಕ್ಕಳಲ್ಲಿ ಕಿರಿದಾಗಿರುತ್ತದೆ. ಮಲಗಿದಾಗ ಗೊರಕೆ, ಉಸಿರು ನಡುನಡುವೆ ನಿಂತು ಮತ್ತೆ ಶುರುವಾಗುವುದು, ಕೈಕಾಲು ತೀರಾ ಜೋಲು ಬೀಳುವುದು ಕಂಡರೆ ಕಾಯಬೇಡಿ. ಏನೂ ಕಾಣದಿದ್ದರೂ ನಿದ್ರೆಯ ಪರೀಕ್ಷೆ ಮಾಡಿಸಿ, ಎಂಆರ್‌ಐ ಬೇಕೇ ಎಂದು ಕೇಳಿ. ತಲೆಯ ಅಳತೆಯನ್ನು ಈ ಮಕ್ಕಳಿಗೆಂದೇ ಇರುವ ಚಾರ್ಟಿನಲ್ಲಿ ಗುರುತು ಹಾಕಿಸಿ, ಮಾಮೂಲಿ ಚಾರ್ಟ್ ನೋಡಿದರೆ ಸುಮ್ನೆ ಗಾಬರಿ. ತಾನಾಗಿ ಕೂರುವ ಮೊದಲೇ ದಿಂಬು ಒರಗಿಸಿ ಕೂರಿಸಬೇಡಿ, ಬೆನ್ನು ಗೂನಾಗುತ್ತದೆ. ವಾಕರ್ ಬೇಡವೇ ಬೇಡ. ಕೂರುವುದು, ನಡೆಯುವುದು ತಡವಾಗುತ್ತದೆ, ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ. ಹಾಂ, ಕಿವಿ ಪರೀಕ್ಷೆ ಮರೆಯಬೇಡಿ, ಒಳಗೆ ನೀರು ತುಂಬಿ ಕೇಳಿಸದೆ ಮಾತು ಹಿಂದೆ ಬೀಳುವುದುಂಟು.

ಪ್ರಶ್ನೆ: ಮಗಳಿಗೆ ಮೂರು ವರ್ಷ. ಕಾಲು ಬಿಲ್ಲಿನಂತೆ ಬಾಗಿದೆ. ರಿಕೆಟ್ಸ್ (ಎಲುಬು ಮೆತ್ತಗಾಗಿ ಬಾಗುವ ಕಾಯಿಲೆ) ಎಂದು ವಿಟಮಿನ್ ಡಿ ಕೊಡುತ್ತಲೇ ಇದ್ದೇವೆ, ಗುಣವಿಲ್ಲ. ಅವಳ ಅಪ್ಪನ ಕಾಲೂ ಹಾಗೇ ಇದೆ.

ಉತ್ತರ: ಕೊನೆಯ ಸಾಲಿನಲ್ಲೇ ಸುಳಿವಿದೆ ಅಲ್ವಾ! ಇಬ್ಬರ ರಕ್ತದಲ್ಲೂ ಫಾಸ್ಫೇಟ್ ನೋಡಿಸಿ. ಕ್ಯಾಲ್ಸಿಯಂ ಸರಿಯಿದ್ದು ಫಾಸ್ಫೇಟ್ ಕಡಿಮೆ ಇದ್ದರೆ, ಮೂತ್ರದಲ್ಲಿ ಅದು ಸೋರಿ ಹೋಗುವ ವಂಶದ ರಿಕೆಟ್ಸ್ ಇರಬಹುದು. ಮಾಮೂಲಿ ವಿಟಮಿನ್ ಡಿ ಎಷ್ಟು ಕುಡಿಸಿದರೂ ಇದು ಬಗ್ಗುವುದಿಲ್ಲ. ಫಾಸ್ಫೇಟನ್ನು ದಿನಕ್ಕೆ ಹಲವು ಸಲ, ಜೊತೆಗೆ ಬೇರೆ ರೂಪದ ವಿಟಮಿನ್ ಡಿ ಕೊಡುತ್ತಾರೆ. 2018ರಿಂದ ಬುರೊಸುಮ್ಯಾಬ್ ಇಂಜೆಕ್ಷನ್ನೂ ಇದೆ. ಇದರಲ್ಲಿ ಹೆಚ್ಚಿನವು ಎಕ್ಸ್ ಕ್ರೋಮೋಸೋಮಿನ ದೋಷ, ಹಾಗಾಗಿ ಅಪ್ಪನಿಗಿದ್ದರೆ ಹೆಣ್ಣುಮಕ್ಕಳಿಗೆಲ್ಲ ಬರುತ್ತದೆ, ಗಂಡುಮಕ್ಕಳಿಗೆ ಬರುವುದಿಲ್ಲ. ಅವಳಿಗೆ ಅಕ್ಕತಂಗಿಯರಿದ್ದರೆ, ಕಾಲು ನೆಟ್ಟಗೆ ಕಂಡರೂ ಅವರನ್ನೂ ಕರೆದುಕೊಂಡು ಹೋಗಿ.