ಉಬ್ಬುವುದು ಮೀನಖಂಡದಲ್ಲಿ, ಕೆಡುವುದು ತೊಡೆಸಂದಿನಲ್ಲಿ

ಪ್ರಶ್ನೆ: ನನಗೆ 44 ವರ್ಷ. ಬನಹಟ್ಟಿಯಲ್ಲಿ ಪವರ್‌ಲೂಮ್ ಮೇಲೆ ದಿನಕ್ಕೆ ಹತ್ತು ತಾಸು ನಿಂತೇ ಕೆಲಸ. ಎಡಗಾಲಿನ ಮೀನಖಂಡದ ಒಳಬದಿಯಲ್ಲಿ ನರ ಸುರುಳಿ ಸುತ್ತಿ ಉಬ್ಬಿವೆ. ಈಗ ಹರಡಿನ ಮೇಲೆ ಚರ್ಮ ಕಪ್ಪಾಗಿ ತುರಿಸುತ್ತಿದೆ. ಉಬ್ಬಿದ್ದಷ್ಟನ್ನು ತೆಗೆಸಿದರೆ ಸಾಕೇ?

ಉತ್ತರ: ಸಾಲದು. ರೂಢಿಯಲ್ಲಿ ಎಲ್ಲರೂ ನರ ಎನ್ನುವುದರಿಂದ ಎಷ್ಟೋ ಜನ ನರರೋಗ ತಜ್ಞರಲ್ಲಿಗೆ ಹೋಗಿ ವರ್ಷ ಕಳೆಯುತ್ತಾರೆ. ಇವು ನರಗಳಲ್ಲ, ಕಾಲಿನ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ಸಿರೆಗಳು. ನೀವು ಹೋಗಬೇಕಾದ್ದು ರಕ್ತನಾಳಗಳ ಸರ್ಜನ್ ಬಳಿ.

ಚರ್ಮದ ಕೆಳಗಿನ ದೊಡ್ಡ ಸಿರೆಗಳು ಎರಡು. ಗ್ರೇಟ್ ಸಫೀನಸ್ ಸಿರೆ ಪಾದದ ಒಳಬದಿಯಿಂದ ಹೊರಟು, ಒಳಹರಡಿನ ಎಲುಬಿನ ಮುಂದೆ ಹಾಯ್ದು, ತೊಡೆಯ ಒಳಬದಿಗುಂಟ ಏರಿ, ತೊಡೆಸಂದಿನಲ್ಲಿ ಆಳದ ಫೆಮೊರಲ್ ಸಿರೆಗೆ ಕೂಡುತ್ತದೆ. ಸ್ಮಾಲ್ ಸಫೀನಸ್ ಹೊರಹರಡಿನ ಹಿಂದಿನಿಂದ ಮೀನಖಂಡದ ನಟ್ಟನಡುವೆ ಏರಿ ಸಾಮಾನ್ಯವಾಗಿ ಮೊಣಕಾಲಿನ ಹಿಂದೆ ಆಳಕ್ಕಿಳಿಯುತ್ತದೆ. ಅಲ್ಲಲ್ಲಿ ಪರ್ಫೊರೇಟರ್ ಎಂಬ ಸಣ್ಣ ಸಿರೆಗಳೂ ಮೇಲಿನ ರಕ್ತವನ್ನು ಆಳಕ್ಕೆ ಒಯ್ಯುತ್ತವೆ. ಇವೆಲ್ಲದರಲ್ಲೂ ಒಂದೇ ದಿಕ್ಕಿಗೆ ತೆರೆಯುವ ಕವಾಟಗಳಿವೆ.

ಸುಮ್ಮನೆ ನಿಂತಾಗ ಹರಡಿನ ಬಳಿ ಸಿರೆಯ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸ. ನಡೆದರೆ ಮೀನಖಂಡ ಆಳದ ಸಿರೆಗಳನ್ನು ಹಿಂಡಿ ರಕ್ತವನ್ನು ಮೇಲೆತ್ತುತ್ತದೆ, ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ಮಗ್ಗದ ಮುಂದೆ ಕದಲದೆ ನಿಂತರೆ ಈ ಪಂಪು ನಡೆಯುವುದಿಲ್ಲ. ತೊಡೆಸಂದಿನ ಕವಾಟ ಸೋತಿದ್ದರಂತೂ ಮೇಲಿನ ರಕ್ತವೂ ಕೆಳಕ್ಕೆ ಜಾರಿ, ಗೋಡೆ ತೆಳುವಾದ ಕವಲುಗಳನ್ನು ಉಬ್ಬಿಸುತ್ತದೆ. ಕವಲಷ್ಟನ್ನೇ ತೆಗೆದರೆ ಇನ್ನೊಂದು ಕವಲು ಉಬ್ಬುತ್ತದೆ.

ನನಗೆ ಚಿಂತೆ ಉಬ್ಬಿನದಲ್ಲ, ಆ ಕಪ್ಪು ಚರ್ಮದ್ದು. ಒತ್ತಡಕ್ಕೆ ಕೆಂಪು ರಕ್ತಕಣಗಳು ಹೊರಸೋರಿ, ಅವುಗಳ ಕಬ್ಬಿಣಾಂಶ ಚರ್ಮದಲ್ಲಿ ಉಳಿದ ಗುರುತು ಅದು. ಅಲ್ಲಿ ಕೆರೆದ ಸಣ್ಣ ಗಾಯವೂ ತಿಂಗಳುಗಟ್ಟಲೆ ಮಾಯದ ಹುಣ್ಣಾಗಬಹುದು. ಮುಂದೂಡಬೇಡಿ.

ಮೊದಲು ಡಾಪ್ಲರ್ ಸ್ಕ್ಯಾನ್, ಅದೂ ನಿಲ್ಲಿಸಿ ಮಾಡಿದ್ದು. ಮೀನಖಂಡವನ್ನು ಹಿಂಡಿ ಬಿಟ್ಟಾಗ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹರಿದರೆ ಕವಾಟ ಕೆಟ್ಟಿದೆ. ಆಳದ ಸಿರೆಯಲ್ಲಿ ಹೆಪ್ಪು ಇದೆಯೇ ಎಂಬುದೂ ರಿಪೋರ್ಟಿನಲ್ಲಿರಲಿ. ಸಫೀನಸ್ ಕೆಟ್ಟಿದ್ದರೆ ಲೇಸರ್ ಇಲ್ಲವೇ ರೇಡಿಯೋತರಂಗದ ಶಾಖದಿಂದ ಅದನ್ನು ಒಳಗಿಂದಲೇ ಮುಚ್ಚಿ, ಕವಲುಗಳನ್ನು ಸಣ್ಣ ಚುಚ್ಚುಗಳಲ್ಲಿ ತೆಗೆಯುತ್ತಾರೆ.

ಅಲ್ಲಿಯವರೆಗೆ ಮೊಣಕಾಲಿನ ಕೆಳಗಿನ ಬಿಗಿ ಸ್ಟಾಕಿಂಗ್ಸ್, 23ರಿಂದ 32 ಮಿಲಿಮೀಟರ್ ಒತ್ತಡದ್ದು. ಬೆಳಿಗ್ಗೆ ಹಾಸಿಗೆ ಬಿಡುವ ಮೊದಲೇ ಹಾಕಿ, ರಾತ್ರಿ ತೆಗೆಯಿರಿ. ಹಾಕುವ ಮುನ್ನ ಕಾಲಿನ ಶುದ್ಧರಕ್ತದ ಹರಿವನ್ನು ಪರೀಕ್ಷಿಸಲೇಬೇಕು. ಸಕ್ಕರೆ ಕಾಯಿಲೆ ಅಥವಾ ಬೀಡಿ ಚಟ ಇದ್ದವರಿಗೆ ಈ ಮಾತು ಇನ್ನೂ ಮುಖ್ಯ. ಹರಿವು ಕಡಿಮೆ ಇದ್ದರೆ ಬಿಗಿತದಿಂದ ಕಾಲಿಗೇ ಅಪಾಯ. ಕ್ರೇಪ್ ಬ್ಯಾಂಡೇಜನ್ನು ಹರಡಿನಲ್ಲಿ ಸಡಿಲಾಗಿ, ಮೇಲೆ ಬಿಗಿಯಾಗಿ ಸುತ್ತಿಕೊಂಡರೆ ಬಾವು ಹೆಚ್ಚುತ್ತದೆ. ಮಗ್ಗದ ಮುಂದೆ ಅರ್ಧ ತಾಸಿಗೊಮ್ಮೆ ಇಪ್ಪತ್ತು ಸಲ ಹಿಮ್ಮಡಿ ಎತ್ತಿ ಇಳಿಸಿ.

ಪ್ರಶ್ನೆ: ಅವ್ವನಿಗೆ ಬೆಳಗಾವಿಯಲ್ಲಿ ಹೃದಯದ ಬೈಪಾಸ್ ಆಗಬೇಕಿದೆ. ಕಾಲಿನ ಸಿರೆ ತೆಗೆಯುತ್ತಾರಂತೆ. ಕಾಲಿನ ರಕ್ತ ನಿಂತುಹೋಗುವುದಿಲ್ಲವೇ?

ಉತ್ತರ: ಇಲ್ಲ. ಕಾಲಿನ ರಕ್ತದ ಬಹುಪಾಲು ಆಳದ ಸಿರೆಗಳಲ್ಲೇ ಮರಳುತ್ತದೆ. ತೆಗೆಯುವುದು ಮೇಲೆ ಹೇಳಿದ ಗ್ರೇಟ್ ಸಫೀನಸನ್ನೇ. 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ರೆನೆ ಫವಲೋರೊ ಅದನ್ನು ಹೃದಯಕ್ಕೆ ಜೋಡಿಸಿದ ಮೇಲೆ ಈ ವಿಧಾನ ಎಲ್ಲೆಡೆ ಹಬ್ಬಿತು. ಕವಾಟಗಳು ಹರಿವಿಗೆ ಅಡ್ಡವಾಗದಂತೆ ಸಾಮಾನ್ಯವಾಗಿ ಸಿರೆಯನ್ನು ತಿರುವಿ ಹೊಲಿಯುತ್ತಾರೆ. ಮೊಣಕಾಲಿನ ಕೆಳಗೆ ಸ್ಪರ್ಶ ತಿಳಿಸುವ ಸಫೀನಸ್ ನರ (ಇದು ನಿಜವಾದ ನರ) ಸಿರೆಗೆ ಅಂಟಿಕೊಂಡೇ ಸಾಗುವುದರಿಂದ, ಕಾಲಿನ ಒಳಬದಿ ಕೆಲ ತಿಂಗಳು ಜೋಮು ಹಿಡಿದಂತಿರಬಹುದು. ಅವ್ವನ ಕಾಲಲ್ಲಿ ಸಿರೆ ಉಬ್ಬಿದ್ದರೆ ಮೊದಲೇ ಸರ್ಜನ್‌ಗೆ ತೋರಿಸಿ, ಹಿಗ್ಗಿದ ಸಿರೆ ಜೋಡಣೆಗೆ ಒಗ್ಗುವುದಿಲ್ಲ.

ಪ್ರಶ್ನೆ: ಹರಡಿನ ಬಳಿ ಉಬ್ಬಿದ ಸಿರೆ ಒಡೆದು ರಕ್ತ ಚಿಮ್ಮಿದರೆ ಏನು ಮಾಡಬೇಕು? (ವಿಜಯಪುರ)

ಉತ್ತರ: ಕೂಡಲೇ ಅಂಗಾತ ಮಲಗಿಸಿ. ಕಾಲನ್ನು ಎದೆಗಿಂತ ಎತ್ತರಕ್ಕೆತ್ತಿ, ಶುಭ್ರ ಬಟ್ಟೆಯಿಂದ ಒಡೆದ ಜಾಗವನ್ನೇ 10ರಿಂದ 15 ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಮೇಲ್ಗಡೆ ಹಗ್ಗ ಕಟ್ಟಲೇಬೇಡಿ. ಅದು ಸಿರೆಯ ದಾರಿ ಮುಚ್ಚುವುದರಿಂದ ರಕ್ತ ಇನ್ನೂ ಜೋರಾಗುತ್ತದೆ. ರಕ್ತ ನಿಂತ ಮೇಲೆ ಅದೇ ದಿನ ಆಸ್ಪತ್ರೆಗೆ ಹೋಗಿ. ನಿಲ್ಲದಿದ್ದರೆ ಒತ್ತಿ ಹಿಡಿದುಕೊಂಡೇ 108ಕ್ಕೆ ಕರೆ ಮಾಡಿ.